ಇರುವೆ ತಡೆಯಲೆಂದು ಇಟ್ಟ ನೀರು

ನಮ್ಮ ಬೀದಿಗೆ ಸೊಳ್ಳೆ ಹೊಗೆಯ ಯಂತ್ರ ಬಂದ ದಿನ ಅದಕ್ಕೆ ಅಡ್ಡ ನಿಂತವರಲ್ಲಿ ನನ್ನ ಅಪ್ಪನೇ ಮೊದಲಿಗ. ಅದನ್ನು ತರಿಸುವುದಕ್ಕಾಗಿ ಆ ಮಳೆಗಾಲದಲ್ಲಿ ವಾರ ವಾರವೂ ಪಂಚಾಯಿತಿ ಕಚೇರಿಗೆ ಅಲೆದವಳು ನಾನು. ಯಂತ್ರವನ್ನು ಹೆಗಲಿಗೆ ನೇತುಹಾಕಿಕೊಂಡು ಬಂದಿದ್ದವನು ಅದನ್ನು ಚಾಲೂ ಮಾಡುವಷ್ಟರಲ್ಲಿ ಅಪ್ಪ ಅಂಗಳದಿಂದ ಇಳಿದು ಬಂದು ಬೀದಿಯ ನಡುವೆ ಕೈ ಅಗಲಿಸಿ ನಿಂತ.

“ನಿಲ್ಸಪ್ಪ, ಆಫ್ ಮಾಡು ಮೊದ್ಲು. ಮನೇಲಿ ಹುಳ ಮೇಯ್ತಾವೆ.”

“ಡೆಂಗಿ ಬಂದೈತೆ ಅಂತ ನೀವೇ ಕರ್ಸಿದ್ದು,” ಎಂದ ಅವನು.

ಎದುರು ಮನೆಯವರನ್ನು ನಾವು ಮಾವ ಎಂದೇ ಕರೆಯುತ್ತೇವೆ. ಅವರು ಜಗಲಿಯಿಂದ ಏಳದೆಯೇ ಮಾತು ಸೇರಿಸಿದರು. “ನಮ್ ಹುಳಕ್ಕೆ ಏನಾರ ಆಯ್ತೋ, ನಿನ್ನ ಮೆಷಿನ್ನಿಗೇ ಸೊಪ್ಪು ತಿನ್ಸಿ ಗೂಡು ಕಟ್ಟುಸ್ತೀನಿ ಕಣ್ಲಾ.”

“ಹಂಗಾದ್ರೆ ಅರ್ಜಿ ಕೊಟ್ಟೋರು ಯಾರು?”

“ಅಗಳಪ್ಪ, ನಮ್ ಲೆಚ್ಚರರಮ್ಮ.” ಮಾವ ನನ್ನತ್ತ ಗಲ್ಲ ಆಡಿಸಿದರು. “ಮೈಸೂರಲ್ಲಿ ಓದ್ಬಂದೈತೆ. ಅರ್ಜಿ ಬರೀದೆ ಇದ್ರೆ ತಿಂದನ್ನ ಅರಗಲ್ಲ.”

ಬೀದಿ ನಕ್ಕಿತು. ನಾನು ನಗಲಿಲ್ಲ. ಯಂತ್ರದವನ ಜೊತೆಯಲ್ಲಿ ಬಂದಿದ್ದವನು ಬೀದಿಯ ತುದಿಗೆ ಹೋಗಿ, ಯಾರ ಮನೆಯೂ ಇಲ್ಲದ ಹುಣಸೆಮರದ ಪಕ್ಕ ಒಂದಿಷ್ಟು ಹೊಗೆ ಬಿಡಿಸಿ, ಅದರ ಫೋಟೋ ತೆಗೆದುಕೊಂಡ. ಆ ಫೋಟೋ ಆ ಸಂಜೆಯೇ ಪಂಚಾಯಿತಿಯ ವಾಟ್ಸ್ಯಾಪ್ ಗುಂಪಿಗೆ ಬಂತು. ನಮ್ಮ ಊರಿನ ಸೊಳ್ಳೆ ನಿಯಂತ್ರಣ ಕಾರ್ಯ ಅಲ್ಲಿಗೆ ಮುಗಿದಂತಾಯಿತು.

ಕೂಟಗಲ್ ಹೋಬಳಿಯ ನಮ್ಮಂಥ ಊರುಗಳಲ್ಲಿ ರೇಷ್ಮೆ ಹುಳ ಇರುವ ಮನೆಗೆ ಅದರದೇ ಆದ ಶಿಸ್ತುಂಟು. ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಊದುಬತ್ತಿಯನ್ನೂ ದೇವರ ಮುಂದೆ ಒಂದು ಕ್ಷಣ ತೋರಿಸಿ ಆರಿಸಬೇಕು. ಸೆಂಟು ಬಳಿದುಕೊಂಡು ಬಂದ ನೆಂಟರು ನಡುಮನೆಯಿಂದಾಚೆಗೆ ಕಾಲಿಡುವಂತಿಲ್ಲ. ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟಿದರೆ ಮಾತು ಬಿಡುವಷ್ಟು ಜಗಳವಾಗುತ್ತದೆ. ಹಿತ್ತಿಲಿನಲ್ಲಿ ಹುಳಕ್ಕೆಂದೇ ಕಟ್ಟಿದ ಪ್ರತ್ಯೇಕ ಮನೆಗೆ ಮನೆಯವರ ಹೊರತು ಇನ್ನೊಬ್ಬರಿಗೆ ಪ್ರವೇಶವಿಲ್ಲ. ಮನೆಯವರೂ ಕೈಕಾಲು ತೊಳೆದು, ಬಾಗಿಲಲ್ಲಿ ಹರಡಿದ ಸುಣ್ಣದ ಪುಡಿಯನ್ನು ತುಳಿದೇ ಒಳಗೆ ಹೋಗಬೇಕು. ಹೊಗೆ ಬೇಕೆಂದು ಕೇಳುವಾಗ ಇದೆಲ್ಲ ನನಗೆ ಗೊತ್ತಿತ್ತು. ಒಂದು ಬೆಳೆ ಮುಗಿದು ಇನ್ನೊಂದು ಆರಂಭವಾಗುವ ನಡುವಿನ ದಿನಗಳಲ್ಲಿ ಕಳಿಸಿ ಎಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದಿದ್ದೆ. ಆದರೆ ಈಗ ಬೀದಿಯ ಮನೆಗಳೆಲ್ಲ ಒಟ್ಟಿಗೆ ಹುಳ ಇಡುವುದಿಲ್ಲ. ಒಬ್ಬರದು ಗೂಡು ಬಿಡಿಸುವ ಹೊತ್ತಿಗೆ ಇನ್ನೊಬ್ಬರದು ಮರಿ. ಹೊಗೆ ಬಿಡಬಹುದಾದ ದಿನ ಎಂಬುದೇ ನಮ್ಮ ಬೀದಿಯ ಪಂಚಾಂಗದಲ್ಲಿ ಉಳಿದಿಲ್ಲ.

ಅರ್ಜಿಯ ಮೊದಲ ಬೇಡಿಕೆ ಹೊಗೆಯಾಗಿರಲೂ ಇಲ್ಲ. ಇಳಿಜಾರೇ ಇಲ್ಲದಂತೆ ಕಟ್ಟಿದ ಚರಂಡಿಯನ್ನು ಸರಿಪಡಿಸಿ, ನಲ್ಲಿ ನೀರನ್ನು ದಿನ ಬಿಟ್ಟು ದಿನವಾದರೂ ಕೊಡಿ ಎಂಬುದು ಮೊದಲನೆಯದು. ನೀರು ಯಾವಾಗ ಬರುತ್ತದೆಂದು ತಿಳಿಯದ ಊರಿನಲ್ಲಿ ಜನ ಡ್ರಮ್ಮು, ಕೊಳಗ, ಒಡೆದ ತೊಟ್ಟಿ ಎಲ್ಲವನ್ನೂ ತುಂಬಿಡುತ್ತಾರೆ. ತುಂಬಿಟ್ಟ ನೀರಿಗೆ ಮುಚ್ಚಳವಿರುವುದಿಲ್ಲ. ಪಂಚಾಯಿತಿ ಅಧಿಕಾರಿ ನನ್ನ ಮಾತನ್ನು ತಾಳ್ಮೆಯಿಂದಲೇ ಕೇಳಿದ್ದರು.

“ನೋಡಿ ಮೇಡಂ, ಡೆಂಗಿ ಸೊಳ್ಳೆ ಚರಂಡೀಲಿ ಹುಟ್ಟಲ್ಲ. ಒಳ್ಳೆ ನೀರಲ್ಲಿ ಹುಟ್ಟೋದು, ಮನೆ ಒಳಗೆ. ಚರಂಡಿ ಮುಂದಿನ ಯೋಜನೆಗೆ ಸೇರಿಸ್ತೀವಿ. ಒಂದ್ ಸ್ವಲ್ಪ ದಿನ ತಡ್ಕಳಿ.”

ವಿಜ್ಞಾನವನ್ನು ಇಷ್ಟು ಸೊಗಸಾದ ತಡಿಕೆಯಾಗಿ ಬಳಸಿಕೊಳ್ಳುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವರು ಹೇಳಿದ್ದು ನಿಜ. ಅದನ್ನು ಹೇಳಿದ ಉದ್ದೇಶ ಮಾತ್ರ ಎದ್ದು ಹೋಗಿ ಎಂಬುದಾಗಿತ್ತು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವ ನನಗೆ ಈ ಎರಡರ ವ್ಯತ್ಯಾಸ ತಿಳಿಯದ್ದೇನಲ್ಲ. ಎದ್ದು ಬಂದೆ, ಮರುವಾರ ಮತ್ತೆ ಹೋದೆ.

ಇಷ್ಟು ಹಟ ಹಿಡಿಯಲು ಕಾರಣ ಅಕ್ಕ. ಚನ್ನಪಟ್ಟಣಕ್ಕೆ ಕೊಟ್ಟ ನನ್ನ ಅಕ್ಕ ಅಲ್ಲಿಯದೇ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಚೊಚ್ಚಲ ಬಸುರಿ, ಏಳು ತುಂಬುತ್ತಿದ್ದಂತೆ ರಜೆ ಹಾಕಿ, ನಮ್ಮಲ್ಲಿಯ ವಾಡಿಕೆಯಂತೆ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳು ಬಂದ ವಾರದಲ್ಲೇ ಬೀದಿಯ ಕೆಳತುದಿಯ ಮನೆಯೊಂದರಲ್ಲಿ ಕಾಲೇಜು ಹುಡುಗಿಗೆ ಡೆಂಗಿ ಎಂದಾಯಿತು. ಅನಂತರ ಅವಳ ಅಜ್ಜಿಗೆ. ಇಬ್ಬರೂ ಆಸ್ಪತ್ರೆ ಕಂಡು ಬಂದು ಚೇತರಿಸಿಕೊಂಡರು. ಆದರೆ ಬಸುರಿಗೆ ಈ ಜ್ವರ ಬಂದರೆ ರಕ್ತಸ್ರಾವ, ದಿನ ತುಂಬದ ಹೆರಿಗೆ, ಇನ್ನೂ ಏನೇನೋ ಆಗಬಹುದೆಂದು ಅಕ್ಕನನ್ನು ನೋಡುತ್ತಿದ್ದ ಡಾಕ್ಟರು ಎಚ್ಚರಿಸಿದ್ದರು. ಅಂದಿನಿಂದ ನಮ್ಮ ಮನೆಯ ಎಲ್ಲ ಮಾತೂ ಅಕ್ಕನನ್ನು ಎಲ್ಲಿ ಕೂರಿಸುವುದು, ಎಲ್ಲಿ ಮಲಗಿಸುವುದು ಎಂಬುದರ ಸುತ್ತಲೇ ಸುತ್ತತೊಡಗಿತು.

ಜಾಗ ಹುಡುಕಿದ್ದು ಅವ್ವ. ಹುಳದ ಮನೆಯ ಮುಂಭಾಗದಲ್ಲಿ ಸೊಪ್ಪು ಇಡುವ ಕೋಣೆಯೊಂದಿದೆ. ಸೊಪ್ಪು ಬಾಡದಿರಲೆಂದು ಗೋಡೆಗೆ ಒದ್ದೆ ಗೋಣಿ ಇಳಿಬಿಟ್ಟಿರುತ್ತೇವೆ. ನಡುಹಗಲಿನಲ್ಲೂ ಅಲ್ಲಿ ತಂಪು. ಎಲ್ಲಕ್ಕಿಂತ ಮಿಗಿಲಾಗಿ, ಅದರ ಕಿಟಕಿ ಬಾಗಿಲುಗಳಿಗೆಲ್ಲ ಸಣ್ಣ ಕಣ್ಣಿನ ನೈಲಾನ್ ಬಲೆ ಬಿಗಿದಿದೆ. ಊಜಿ ಎಂಬ ನೊಣವೊಂದುಂಟು. ಅದು ರೇಷ್ಮೆ ಹುಳದ ಮೈಮೇಲೆ ಮೊಟ್ಟೆ ಇಟ್ಟರೆ ಆ ಹುಳ ಉಳಿಯುವುದಿಲ್ಲ. ಅದರ ಭಯಕ್ಕೆ ಹುಳದ ಮನೆಗೆ ಬಲೆ ಹಾಕದ ಸಾಕಣೆದಾರ ನಮ್ಮ ಸೀಮೆಯಲ್ಲಿಲ್ಲ. ನಾವು ಮಲಗುವ ಮನೆಯ ಕಿಟಕಿಗೆ ಬಲೆ ಇರಲಿಲ್ಲ, ಹುಳ ಮಲಗುವ ಮನೆಗಿತ್ತು. ಇದನ್ನು ಬರೆಯುವಾಗಲೂ ನನಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಮನೆ ನಡೆಯುವುದು ಹುಳದಿಂದ.

“ಊಜಿ ನೊಣಾನೇ ನುಗ್ಗಕ್ಕಾಗಲ್ಲ, ಸೊಳ್ಳೆ ಎಲ್ಲಿಂದ ಬತ್ತದೆ?” ಎಂದಳು ಅವ್ವ. “ಮಧ್ಯಾನ ಹೊತ್ನಲ್ಲಿ ಅಲ್ಲೇ ಮಲಗವ್ವ. ಅರಮನೇಲೂ ಇಂಥ ತಂಪು ಇರಲ್ಲ.”

ಅಕ್ಕನಿಗೂ ಅದು ಹಿಡಿಸಿತು. ಚಾಪೆ ಹಾಸಿಕೊಂಡು ಎಡಮಗ್ಗುಲಾಗಿ ಮಲಗಿ, ಒಳಕೋಣೆಯಲ್ಲಿ ಸಾವಿರಾರು ಹುಳಗಳು ಸೊಪ್ಪು ಮೇಯುವ ಸದ್ದನ್ನು ಕೇಳುತ್ತ ನಿದ್ದೆ ಹೋಗುತ್ತಿದ್ದಳು. ಸಣ್ಣ ಮಳೆ ಬಿದ್ದಂತೆ ಕೇಳುವ ಆ ಸದ್ದು ನಮ್ಮಿಬ್ಬರಿಗೂ ಬಾಲ್ಯದ ಜೋಗುಳ. ಕೆಲವು ದಿನಗಳಾದ ಮೇಲೆ ಅವಳು ಸೀರೆಯ ನೆರಿಗೆ ಸ್ವಲ್ಪ ಮೇಲೆತ್ತಿ ಕಾಲು ತೋರಿಸಿದಳು. ಮೀನಖಂಡದ ಮೇಲೆಲ್ಲ ಕೆಂಪು ಗುಳ್ಳೆ.

“ಅವ್ವ ನಂಗೆ ತಿನ್ನುಸ್ತದೆ, ಸೊಳ್ಳೆ ನನ್ನ ತಿಂತವೆ. ಇಲ್ಲೇ ಜಾಸ್ತಿ ಕಣೆ.”

“ಬಸುರೀಲಿ ಮೈ ಕಡಿಯದು ಇದ್ದಿದ್ದೇ,” ಎಂದು ಅವ್ವ ಅದನ್ನು ತಳ್ಳಿಹಾಕಿದಳು. “ಕೊಬ್ರಿ ಎಣ್ಣೆ ಹಚ್ಕ.”

ಉತ್ತರ ಸಿಕ್ಕಿದ್ದು ಹೊಗೆಯ ಯಂತ್ರ ಹಿಂದಿರುಗಿದ ಮಾರನೆಯ ಮಧ್ಯಾಹ್ನ. ನಾನು ಕಾಲೇಜಿನಿಂದ ಬಂದು ಸೊಪ್ಪಿನ ಕೋಣೆಯ ಹೊಸ್ತಿಲಲ್ಲಿ ಕುಳಿತು ಪಂಚಾಯಿತಿಯವರನ್ನು ಬಯ್ಯುತ್ತಿದ್ದೆ. ಅಕ್ಕ ನೆಲದಲ್ಲಿ ಮಲಗಿದ್ದವಳು ಅರ್ಧ ತೆರೆದ ಒಳಬಾಗಿಲಿನ ಕಡೆಗೇ ನೋಡುತ್ತಿದ್ದಳು.

“ನಿನ್ ಭಾಷಣ ಒಸಿ ನಿಲ್ಸು. ಆ ಬಟ್ಟಲಲ್ಲಿ ಏನೋ ಕುಣೀತಾವೆ, ನೋಡು.”

ಹುಳ ಇರುವ ಕಬ್ಬಿಣದ ಸ್ಟ್ಯಾಂಡುಗಳ ಪ್ರತಿ ಕಾಲಿನ ಕೆಳಗೂ ಒಂದೊಂದು ಸಿಮೆಂಟಿನ ಬಟ್ಟಲು ಇಟ್ಟು ಅದಕ್ಕೆ ನೀರು ಹಾಕಿರುತ್ತೇವೆ. ಇರುವೆ ನೀರು ದಾಟಲಾರದು. ನೀರಿಲ್ಲದಿದ್ದರೆ ಅದು ಕಾಲು ಹತ್ತಿ ಹೋಗಿ ಹುಳವನ್ನು ಹರಿದು ತಿನ್ನುತ್ತದೆ. ನಿಂತು ನೋಡುವವರಿಗೆ ಆ ಬಟ್ಟಲುಗಳು ಕಾಣುವುದಿಲ್ಲ. ಮೇಲಿನ ಸೊಪ್ಪಿನ ನೆರಳು ಅವನ್ನು ಮುಚ್ಚಿರುತ್ತದೆ. ನೆಲಕ್ಕೆ ತಲೆಯಿಟ್ಟು ಮಲಗಿದವರ ಕಣ್ಣಿಗೆ ಮಾತ್ರ ಅವು ಸಮಮಟ್ಟದಲ್ಲಿ ಸಿಗುತ್ತವೆ. ನಾನು ಕಾಲು ತೊಳೆದು ಒಳಗೆ ಹೋಗಿ ಮೊಬೈಲ್ ಬೆಳಕು ಹಿಡಿದೆ. ತಿಳಿಯಾದ ನೀರು, ತಳದಲ್ಲಿ ಒಂದೆರಡು ಕೊಳೆತ ಎಲೆ; ಬೆಳಕು ಬಿದ್ದ ಕೂಡಲೇ ಕೂದಲೆಳೆಯಂಥ ಹತ್ತಾರು ಜೀವಗಳು ಮೈ ಬಾಗಿಸಿ ಬಿಚ್ಚಿ ಬಾಗಿಸಿ ಬಿಚ್ಚಿ ತಳಕ್ಕೆ ಇಳಿದವು. ಪಕ್ಕದ ಬಟ್ಟಲಿನಲ್ಲೂ ಅವೇ. ಅದರಾಚೆಯದರಲ್ಲೂ. ಬಟ್ಟಲಿನ ಅಂಚಿನ ಮೇಲೆ, ಈಗಷ್ಟೇ ಹುಟ್ಟಿ ರೆಕ್ಕೆ ಆರಿಸಿಕೊಳ್ಳುತ್ತಿದ್ದ ಒಂದು ಸೊಳ್ಳೆ. ಕಪ್ಪು ಕಾಲುಗಳ ಮೇಲೆ ಬಿಳಿ ಪಟ್ಟೆ.

ಊಜಿ ಒಳಗೆ ಬರದಂತೆ ಬಿಗಿದ ಬಲೆ, ಒಳಗೆ ಹುಟ್ಟಿದ ಸೊಳ್ಳೆ ಹೊರಗೆ ಹೋಗದಂತೆ ಮಾಡಿತ್ತು. ಆ ಮುಚ್ಚಿದ ಮನೆಯಲ್ಲಿ ಅವುಗಳಿಗೆ ಅಲುಗದೆ ಸಿಗುವ, ರಕ್ತವಿದ್ದ ಜೀವ ಒಂದೇ: ದಿನವೂ ಹಗಲು ಹೊತ್ತಿನಲ್ಲಿ ಬಂದು ಮಲಗುವ ನನ್ನ ಅಕ್ಕ. ಊರಿನಲ್ಲೇ ಸುರಕ್ಷಿತವೆಂದು ನಾವು ಆರಿಸಿಕೊಟ್ಟ ಜಾಗ ಅದು.

ಅವಳನ್ನು ಎಬ್ಬಿಸಿ ನಡುಮನೆಗೆ ಕರೆದೊಯ್ದು ಸೊಳ್ಳೆಪರದೆಯೊಳಗೆ ಕೂರಿಸಿದ ಮೇಲೆ ಅಪ್ಪನನ್ನು ಹುಡುಕಿಕೊಂಡು ಹೋದೆ. ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಅಪ್ಪ ಮಾತೆಲ್ಲ ಕೇಳಿದ. ಹುಳಗಳು ಆಗಷ್ಟೇ ನಾಲ್ಕನೇ ಜ್ವರ ಎದ್ದಿದ್ದವು. ಅವು ಕೊನೆಯ ಸಲ ಪೊರೆ ಬಿಟ್ಟು ಏಳುವುದನ್ನು ನಮ್ಮಲ್ಲಿ ಹಾಗೆ ಹೇಳುತ್ತಾರೆ. ಅಲ್ಲಿಂದ ಹಣ್ಣಾಗಿ ಗೂಡು ಕಟ್ಟುವವರೆಗೆ ಅವುಗಳ ಹಸಿವಿಗೆ ಮಿತಿಯಿಲ್ಲ, ಮನೆಯವರಿಗೆ ಬಿಡುವಿಲ್ಲ. ಆ ದಿನಗಳಲ್ಲಿ ಸ್ಟ್ಯಾಂಡು ಅಲುಗಿಸಬಾರದು, ನೀರು ತೆಗೆಯಬಾರದು ಎಂಬುದು ಅಪ್ಪನ ನಿಯಮ. ಹಿಂದಿನ ಮಳೆಗಾಲದಲ್ಲಿ ಒಂದೇ ಬಟ್ಟಲು ಒಣಗಿದ್ದಕ್ಕೆ ಇರುವೆ ಹತ್ತಿ ಒಂದು ಸ್ಟ್ಯಾಂಡಿನ ಹುಳವೆಲ್ಲ ಹೋಗಿತ್ತು.

“ಒಸಿ ದಿನ ತಡ್ಕ ಮಗ. ಹುಳ ಹಣ್ಣಾಗ್ಲಿ. ಆಮೇಲೆ ಎಲ್ಲಾ ಬಟ್ಟಲೂ ಆಚೆಗೆ ತಗ್ದು ತೊಳ್ಯಾನ.”

“ಸೀಮೆಎಣ್ಣೆ ಒಂದೊಂದು ತೊಟ್ಟು ಬುಟ್ರೆ?”

“ವಾಸ್ನೆಗೆ ಹುಳ ಸೊಪ್ಪು ಮುಟ್ಟಲ್ಲ. ಅದೂ ಗೊತ್ತಿಲ್ವ ನಿಂಗೆ?”

“ಪಂಚಾಯಿತಿಯೋರೂ ಒಂದ್ ಸ್ವಲ್ಪ ದಿನ ತಡ್ಕಳಿ ಅಂತಾನೆ ಹೇಳಿದ್ದು ಅಪ್ಪ.”

ಅಪ್ಪ ಕುಡುಗೋಲು ನೆಲಕ್ಕಿಟ್ಟ. “ಹಂಗಾದ್ರೆ ನನ್ ಮೇಲೂ ಒಂದ್ ಅರ್ಜಿ ಬರ್ಕೊಡು. ಅವಳೀಗ ಅಲ್ಲಿ ಮಲಗ್ತಿಲ್ವಲ್ಲ. ಇನ್ನೇನಂತೆ?”

ಇನ್ನೇನು ಎಂಬುದಕ್ಕೆ ನನ್ನ ಬಳಿ ಉತ್ತರವಿತ್ತು; ಅದನ್ನು ಹೇಳಿದೆ ಕೂಡ. ಸೊಳ್ಳೆ ಹುಳದ ಮನೆಯ ಬಾಗಿಲು ತೆಗೆದಾಗಲೆಲ್ಲ ಹೊರಬರುತ್ತದೆ, ಹಿತ್ತಿಲು ದಾಟಿದರೆ ನಡುಮನೆ, ಪರದೆಯೊಳಗೆ ಇಡೀ ಹಗಲು ಯಾರೂ ಕುಳಿತಿರಲಾರರು. ಅಪ್ಪ ಕೇಳಿಸಿಕೊಂಡು ಮತ್ತೆ ಸೊಪ್ಪಿಗೆ ಬಾಗಿದ. ಅಧಿಕಾರಿಯ ಎದುರು ಕುಳಿತಾಗ ನನ್ನ ಕೋಪಕ್ಕೆ ಒಂದು ದಿಕ್ಕಿತ್ತು. ಇಲ್ಲಿ, ದಿನವಿಡೀ ಬಾಗಿದ ಬೆನ್ನಿನ ಎದುರು, ಅದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನನ್ನಲ್ಲೇ ಉಳಿಯಿತು. ಅಪ್ಪನ ಮಾತಿನಲ್ಲಿ ಸೋಗಿರಲಿಲ್ಲ. ಅಧಿಕಾರಿಗೆ ಕಳೆದುಕೊಳ್ಳಲು ಏನೂ ಇರಲಿಲ್ಲ, ಅಪ್ಪನಿಗೆ ಒಂದು ಬೆಳೆಯಿತ್ತು. ಆದರೂ ಎರಡು ಮಾತಿನ ಪರಿಣಾಮ ಒಂದೇ: ನೀರು ಇದ್ದಲ್ಲೇ ಇತ್ತು.

ಎರಡು ದಿನ ಕಳೆದ ಮೇಲೆ ಅಕ್ಕನಿಗೆ ಜ್ವರ ಬಂತು.

ಕಣ್ಣಿನ ಹಿಂದೆ ನೋವು, ಕೀಲು ಕೀಲಿನಲ್ಲೂ ನೋವು. ರಾಮನಗರದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅವಳು ಆಟೋದಲ್ಲಿ ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ನಡುವೆ ಒಮ್ಮೆ ಮಾತ್ರ, “ಒದೀತೈತೆ ಕಣೆ,” ಎಂದಳು. ನನಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ. ರಕ್ತ ಪರೀಕ್ಷೆಯಲ್ಲಿ ಡೆಂಗಿ ಎಂದು ಬಂತು. ಪ್ಲೇಟ್‌ಲೆಟ್ ಇಳಿಯುತ್ತಿತ್ತು. ಡಾಕ್ಟರು ದಿನಕ್ಕೆ ಹಲವು ಸಲ ಹೊಟ್ಟೆಯ ಮೇಲೆ ಯಂತ್ರವಿಟ್ಟು ಮಗುವಿನ ಎದೆಬಡಿತ ಕೇಳುತ್ತಿದ್ದರು. ಆ ಸದ್ದು ಬರುವವರೆಗೆ ಅವ್ವ ಮಂಚದ ಸರಳು ಹಿಡಿದು ನಿಂತಿರುತ್ತಿದ್ದಳು.

ಮನೆಯಲ್ಲಿ ನಡೆದದ್ದನ್ನು ನಾನು ಬಟ್ಟೆ ತರಲು ಹೋದಾಗ ಕಂಡೆ. ಅಪ್ಪ ಹುಳದ ಮನೆಯ ನೆಲದಲ್ಲಿ ಮಂಡಿಯೂರಿ ಕುಳಿತಿದ್ದ. ಹುಳ ಮೇಲೆ ಮೇಯುತ್ತಲೇ ಇದ್ದವು. ಇರುವೆ ದಾಟದಂತೆ ಸ್ಟ್ಯಾಂಡಿನ ಒಂದು ಕಾಲಿನ ಸುತ್ತ ನೆಲಕ್ಕೆ ಸುಣ್ಣದ ಗೆರೆ ಎಳೆದು, ಬಟ್ಟಲಿನ ನೀರನ್ನು ಹಳೆಯ ಬಟ್ಟೆಯಿಂದ ಹೀರಿ ಬಕೆಟ್ಟಿಗೆ ಹಿಂಡಿ, ಕೋಲಿನ ತುದಿಗೆ ಕಟ್ಟಿದ ತೆಂಗಿನ ನಾರಿನಿಂದ ಬಟ್ಟಲಿನ ಒಳಗೋಡೆಯನ್ನು ಉಜ್ಜುತ್ತಿದ್ದ. ಉಜ್ಜಿ, ಒರೆಸಿ, ಹೊಸ ನೀರು ಹಾಕಿ ಮುಂದಿನ ಕಾಲಿಗೆ ಸರಿಯುತ್ತಿದ್ದ. ಹೀರಿದ ನೀರನ್ನು ಬಿಸಿಲಿಗೆ ಕಾದ ಜಲ್ಲಿಯ ಮೇಲೆ ಸುರಿದಿದ್ದ. ನನ್ನನ್ನು ಕಂಡು ಎದ್ದೇಳಲಿಲ್ಲ.

“ಹೆಂಗವ್ಳೆ?”

“ಜ್ವರ ಇಳ್ದಿಲ್ಲ. ಮಗು ಚೆನ್ನಾಗೈತೆ ಅಂದ್ರು.”

ಅಪ್ಪ ತಲೆಯಾಡಿಸಿದ. ಮುಂದಿನ ಬಟ್ಟಲಿಗೆ ಬಟ್ಟೆ ಅದ್ದುತ್ತ, “ಇದ್ನ ಮೊನ್ನೇನೆ ಮಾಡ್ಬೋದಿತ್ತು,” ಎಂದ. ಅಲುಗಿಸದೆ ಮಾಡಲು ಸಾಧ್ಯವಿತ್ತೆಂಬುದು ಮಾಡಿದ ಮೇಲೆ ತಿಳಿದಿತ್ತು. ನಾನೂ ನಾರು ಹಿಡಿದು ಇನ್ನೊಂದು ಬದಿಯಿಂದ ಉಜ್ಜತೊಡಗಿದೆ.

ಅಂದು ಬಟ್ಟಲು ಉಜ್ಜುತ್ತ ಯೋಚಿಸಿದ್ದು ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ. ಹುಳದ ಮನೆಯ ಗೋಡೆಯಲ್ಲಿ ಸಾಕಣೆಯ ಕ್ರಮ ಕಲಿಸುವ ರೇಷ್ಮೆ ಇಲಾಖೆಯ ಭಿತ್ತಿಪತ್ರವೊಂದಿದೆ. ಬಟ್ಟಲಿನಲ್ಲಿ ಸದಾ ನೀರಿರಲಿ ಎಂದು ಅದರಲ್ಲಿದೆ. ನಮ್ಮ ಮುಂಬಾಗಿಲಿಗೆ ಆರೋಗ್ಯದವರು ಅಂಟಿಸಿ ಹೋದ ಇನ್ನೊಂದಿದೆ. ಮನೆಯ ಸುತ್ತ ಎಲ್ಲಿಯೂ ನೀರು ನಿಲ್ಲದಿರಲಿ ಎಂದು ಅದರಲ್ಲಿದೆ. ಒಂದೇ ಸರ್ಕಾರದ ಎರಡು ಬಾಯಿಗಳು ಇಷ್ಟು ವರ್ಷ ಒಂದೇ ಮನೆಯೊಡನೆ ಮಾತಾಡಿದವು, ಪರಸ್ಪರ ಮಾತಾಡಲಿಲ್ಲ. ಆ ಬಟ್ಟಲನ್ನು ವಾರಕ್ಕೊಮ್ಮೆ ಉಜ್ಜಿರಿ ಎಂಬ ಒಂದು ಸಾಲು ಎರಡರಲ್ಲಿ ಯಾವುದರಲ್ಲೂ ಇರಲಿಲ್ಲ. ಸೊಳ್ಳೆಯ ಮೊಟ್ಟೆ ನೀರಿನಲ್ಲಿ ತೇಲುವುದಿಲ್ಲ, ನೀರಿನ ಮಟ್ಟದ ಮೇಲೆ ಗೋಡೆಗೆ ಅಂಟಿಕೊಂಡು ಒಣಗಿಯೂ ಬದುಕಿರುತ್ತದೆ. ಬೆಳೆ ಮುಗಿದಾಗ ನಾವು ನೀರು ಚೆಲ್ಲಿ ಬಟ್ಟಲು ಮೂಲೆಗಿಡುತ್ತಿದ್ದೆವು, ಮುಂದಿನ ಬೆಳೆಗೆ ನೀರು ಹಾಕಿ ಆ ಮೊಟ್ಟೆಗಳನ್ನು ನಾವೇ ಎಬ್ಬಿಸುತ್ತಿದ್ದೆವು. ಇದನ್ನು ತಿಳಿಸಬೇಕಾದ್ದು ಯಾರ ಕೆಲಸ ಎಂದು ಕೇಳುವ ಹಕ್ಕು ನನಗಿದೆ, ಕೇಳುತ್ತಲೇ ಇದ್ದೇನೆ. ಅಕ್ಕನಿಗೆ ಕಚ್ಚಿದ ಸೊಳ್ಳೆ ನಮ್ಮ ಬಟ್ಟಲಿನದೋ, ಮಾವನ ಡ್ರಮ್ಮಿನದೋ, ಬಾರದ ನಲ್ಲಿ ನೀರಿಗಾಗಿ ಇನ್ಯಾರೋ ತುಂಬಿಟ್ಟ ತೊಟ್ಟಿಯದೋ, ಯಾರೂ ಸಾಬೀತು ಮಾಡಲಾರರು. ಸಾಬೀತಾಗದು ಎಂಬುದರ ನೆರಳಿನಲ್ಲೇ ಎಲ್ಲರೂ ಹಾಯಾಗಿ ಕುಳಿತಿರುತ್ತಾರೆ: ಕಚೇರಿಯೂ, ಬೀದಿಯೂ, ಮನೆಯೂ.

ಜ್ವರ ಇಳಿಯಿತು. ಪ್ಲೇಟ್‌ಲೆಟ್ ಏರತೊಡಗಿತು. ಮನೆಗೆ ಕಳಿಸುವ ದಿನ ಅವ್ವ ಬ್ಯಾಗು ಜೋಡಿಸುತ್ತಿದ್ದಾಗ ಅಕ್ಕ ಶಾಂತವಾಗಿ ಹೇಳಿದಳು.

“ಅವ್ವ, ನಾನು ಚನ್ನಪಟ್ಟಣಕ್ಕೆ ಹೋಯ್ತೀನಿ. ಬಾಣಂತನ ಅಲ್ಲೇ ಆಗ್ಲಿ.”

ಅವ್ವನ ಕೈ ನಿಂತಿತು. “ಚೊಚ್ಚಲು ಕಣವ್ವ. ತವರಲ್ಲಿ ಆಗ್ದೆ ಇದ್ರೆ ಜನ ಏನಂತಾರೆ?”

“ಜನಕ್ಕೆ ಹೇಳು, ನಿಮ್ ನಿಮ್ ಬಟ್ಟಲು ಉಜ್ಕಳಿ ಅಂತ.”

“ನಿಮ್ಮಪ್ಪ ಎಲ್ಲಾನೂ ಉಜ್ಜಿ ಆಗೈತೆ.”

“ನಮ್ಮನೇದು ಆಗೈತೆ. ಸೊಳ್ಳೆ ನಮ್ಮನೆ ಗೋಡೆ ನೋಡ್ಕಂಡು ವಾಪಸ್ ಹೋಯ್ತದಾ? ಇನ್ನೊಂದ್ ಸಲ ಬಂದ್ರೆ ಜಾಸ್ತಿ ಅಪಾಯ ಅಂದ್ರು ಡಾಕ್ಟ್ರು. ನಾನೊಬ್ಳೇ ಆಗಿದ್ರೆ ಬತ್ತಿದ್ದೆ.”

ಅವ್ವ ಅತ್ತಳು. ಅಕ್ಕ ಅವ್ವನ ಕೈ ಹಿಡಿದುಕೊಂಡೇ ಕುಳಿತಿದ್ದಳು, ಆದರೆ ಮಾತು ಬದಲಿಸಲಿಲ್ಲ. ಆಸ್ಪತ್ರೆಯಿಂದ ನೇರವಾಗಿ ಚನ್ನಪಟ್ಟಣಕ್ಕೆ ಹೋದಳು. ನಾನು ವಾರಗಟ್ಟಲೆ ಬರೆದ ಅರ್ಜಿಗಳು ಮಾಡದ ಕೆಲಸವನ್ನು ಅವಳ ಖಾಲಿ ಚಾಪೆ ಮಾಡಿತು: ಬೀದಿಯಲ್ಲಿ ಮೊದಲ ಬಾರಿಗೆ ಹುಳದ ಮನೆಯ ಬಟ್ಟಲಿನ ಮಾತು ಬಂತು.

ಮಾತು ಬಂತು ಅಷ್ಟೆ. ಊರಿನ ಆಶಾ ಕಾರ್ಯಕರ್ತೆಯೊಡನೆ ಮನೆ ಮನೆಗೆ ಹೋದೆ. ಲಾರ್ವಾ ಸರ್ವೆಗೆಂದು ಅವರು ಹಿಂದೆಯೂ ಬರುತ್ತಿದ್ದರು. ಡ್ರಮ್ಮು ತೊಟ್ಟಿ ನೋಡಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೋಗುತ್ತಿದ್ದರು.

“ಹುಳದ ಮನೆ ಯಾಕೆ ನೋಡ್ತಿರ್ಲಿಲ್ಲ ಅಕ್ಕ?” ಎಂದು ಕೇಳಿದೆ.

“ಯಾರು ಬುಡ್ತಾರವ್ವ ಒಳಕ್ಕೆ? ನಮ್ಮನೇಲೂ ಹುಳ ಐತೆ, ನಾನೂ ಯಾರ್ನೂ ಬುಡಲ್ಲ,” ಎಂದು ನಕ್ಕರು. “ಮೇಲಿನೋರಿಗೆ ಹೇಳ್ದೆ. ಬುಡದೆ ಇದ್ರೆ ಬುಡಿ, ಗುರ್ತು ಹಾಕಿ ಬನ್ನಿ ಅಂದ್ರು.”

ಮಾವ ಜಗಲಿಯ ಮೇಲೆಯೇ ನಮ್ಮನ್ನು ತಡೆದರು. “ನೀನು ನಿಮ್ಮನೆ ಹುಳ ಮುಟ್ಟಿ ಬಂದಿದೀಯ. ನಿನ್ ಕಾಲಲ್ಲಿ ರೋಗ ಬಂದು ನಮ್ ಹುಳಕ್ಕೆ ತಗುಲುದ್ರೆ?”

ಅದು ಮೂಢನಂಬಿಕೆಯಲ್ಲ. ಹುಳದ ರೋಗ ಕಾಲಿನ ಧೂಳಿನಲ್ಲಿ ಮನೆಯಿಂದ ಮನೆಗೆ ಹೋಗುವುದನ್ನು ನಾವೆಲ್ಲ ಕಂಡವರೇ. ಬೈದು ತೆಗೆಸಬಹುದಾದ ಬಾಗಿಲು ಅದಾಗಿದ್ದರೆ ನಾನು ಎಂದೋ ಬೈದು ತೆಗೆಸುತ್ತಿದ್ದೆ.

“ನೀವೇ ಉಜ್ಜಿ ಮಾವ. ನಾವು ಬರಲ್ಲ.”

“ಉಜ್ತೀನಿ ಹೋಗವ್ವ. ನನ್ ಮಗಳಿದ್ದಂಗೆ ನಿಮ್ಮಕ್ಕ. ನಂಗೇನು ಬ್ಯಾಸ್ರ ಇಲ್ವಾ?”

ಬೇಸರವಿತ್ತು, ಅವರ ಮುಖದಲ್ಲೇ ಕಾಣುತ್ತಿತ್ತು. ಉಜ್ಜಿದರೋ ಇಲ್ಲವೋ ತಿಳಿಯಲಿಲ್ಲ. ಮುಚ್ಚಿದ ಬಾಗಿಲಿನ ಹಿಂದಿನ ಮಾತನ್ನು ಏನು ಮಾಡಬೇಕು ಎಂಬುದನ್ನು ನನ್ನ ರಾಜ್ಯಶಾಸ್ತ್ರ ಹೇಳಿಕೊಟ್ಟಿರಲಿಲ್ಲ. ಕಚೇರಿಯ ಕಡತವನ್ನು ತೆರೆದು ತೋರಿಸಿ ಎಂದು ಕೇಳಬಹುದು. ನೆರೆಯವನ ಮಾತನ್ನು ತೆರೆದು ತೋರಿಸು ಎನ್ನುವುದು ಹೇಗೆ? ಕಚೇರಿಯವರೂ ಅದೇ ಬಾಗಿಲಿನ ಮುಂದೆ ಗುರುತು ಹಾಕಿ ಹೋಗಿದ್ದರು. ಅವರ ಬಗೆಗಿನ ನನ್ನ ಸಿಟ್ಟು ಅದರಿಂದ ಕಡಿಮೆಯಾಗಲಿಲ್ಲ. ಸಿಟ್ಟು ಎಲ್ಲಿಗೆ ಮುಗಿಯುತ್ತದೆಂದುಕೊಂಡಿದ್ದೆನೋ ಅಲ್ಲಿಗೆ ಮುಗಿಯುವುದಿಲ್ಲವೆಂದು ಮಾತ್ರ ತಿಳಿಯಿತು. ಚರಂಡಿಯ ಅರ್ಜಿಯ ಜೊತೆಗೆ, ಹುಳದ ಮನೆಯ ಬಟ್ಟಲಿಗೆ ಏನು ಮಾಡಬೇಕೆಂದು ರೇಷ್ಮೆ ಇಲಾಖೆಯವರೂ ಆರೋಗ್ಯದವರೂ ಒಟ್ಟಿಗೆ ಕುಳಿತು ಹೇಳಲಿ ಎಂಬ ಇನ್ನೊಂದನ್ನೂ ಕೊಟ್ಟಿದ್ದೇನೆ. ಮುಂದಿನ ಸಭೆಯಲ್ಲಿ ಇಡುತ್ತೇವೆ ಎಂದಿದ್ದಾರೆ.

ಅಕ್ಕನಿಗೆ ದಿನ ತುಂಬಿ ಹೆಣ್ಣುಮಗುವಾಯಿತು. ಅಪ್ಪ, ಅವ್ವ, ನಾನು ನೋಡಲು ಹೋದೆವು. ಮಗು ಚಿಕ್ಕದಿತ್ತು, ಆದರೆ ಗಟ್ಟಿಯಾಗಿತ್ತು; ಅಪ್ಪನ ಕಿರುಬೆರಳು ಹಿಡಿದುಕೊಂಡು ಬಿಡಲೊಲ್ಲದು. ಅಕ್ಕನ ಅತ್ತೆ ಕಾಫಿ ಕೊಟ್ಟು, ಮರ್ಯಾದೆಗೆ ಕೇಳಬೇಕಾದ್ದನ್ನು ಕೇಳಿದರು.

“ಇಲ್ಲಿ ಆಗಿದ್ದು ಆಗೋಯ್ತು. ತಾಯಿ ಮಗೂನ ಯಾವಾಗ ಕರ್ಕಂಡೋಯ್ತೀರಿ ಬೀಗ್ರೆ?”

ಅವ್ವ ಆಸೆಯಿಂದ ಅಪ್ಪನ ಮುಖ ನೋಡಿದಳು. ನಾಳೆಯೇ ಎನ್ನುವುದು ಸುಲಭವಿತ್ತು. ತವರಿನ ಮಾನ ಉಳಿಯುತ್ತಿತ್ತು. ಅಪ್ಪ ಬೀಗಿತಿಗೆ ಉತ್ತರಿಸದೆ ಅಕ್ಕನ ಕಡೆ ತಿರುಗಿದ.

“ನಮ್ಮನೇದು ನಾನು ಹೇಳ್ತೀನಿ. ಬಟ್ಟಲು ವಾರ ವಾರ ಉಜ್ತೀನಿ, ಇವ್ಳೂ ನೋಡವ್ಳೆ. ಮಲಗೋ ಮನೆ ಕಿಟ್ಕಿಗೂ ಬಲೆ ಹಾಕ್ಸಿದೀನಿ. ಎದುರು ಮನೆಯೋನು ಉಜ್ಜಿದೀನಿ ಅಂತಾನೆ, ನಾ ನೋಡಿಲ್ಲ. ಕೆಳಗಲ ಮನೆಯೋರು ಇಲ್ಲ ಅಂತ ಅವ್ರೇ ಹೇಳುದ್ರು. ಚರಂಡಿ ಹಂಗೇ ಐತೆ. ನಲ್ಲಿ ನೀರೂ ಹಂಗೇ.”

ಇಷ್ಟು ನೇರವಾದ ಉತ್ತರ ಅಷ್ಟು ದಿನ ಯಾವ ಕಚೇರಿಯಿಂದಲೂ ನನಗೆ ಸಿಕ್ಕಿರಲಿಲ್ಲ. ಅಕ್ಕ ಮ್ಲಾನವಾಗಿ ನಕ್ಕಳು.

“ಹಂಗಾದ್ರೆ ಈಗ ಬ್ಯಾಡ ಅಪ್ಪ. ಇನ್ನೊಂದ್ ಬೆಳೆ ಆದ್ಮೇಲೆ ಕೇಳ್ತೀನಿ.”

“ಕೇಳು,” ಎಂದ ಅಪ್ಪ, ಮಗುವಿನ ಮುಷ್ಟಿಯಿಂದ ಬೆರಳನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತ.